ನನ್ನ ಡೋಲಿನ ಮೇಲೆ ಕೂತ ಹಾಡು

“ಯಾರ ಮುಖ ಕಂಡಿಲ್ವೋ ನೀನು? ಇಲ್ಲಿ ತಿರುಗಿ ನೋಡು. ಇದೇನಿದು, ಮುಖ ಅಲ್ದೆ ಕುಂಡೀನಾ?”

ಜರ್ವಿಸ್ ತಲೆ ಎತ್ತಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು, ನಾನು ಬಡಿಸಿದ್ದ ಮೆಕ್ಕೆಜೋಳದ ಬ್ರೆಡ್ಡನ್ನು ತಿನ್ನದೆ ಬೆರಳಲ್ಲಿ ಪುಡಿ ಮಾಡುತ್ತಿದ್ದ.

“ಅಪ್ಪ, ಅದು ಹಾಡು.”

“ಹಾಡು ಅಂತ ನಂಗೂ ಗೊತ್ತು. ಅದರಲ್ಲಿ ಜೈಲಲ್ಲಿ ಕೂತಿದಾನಲ್ಲ ಒಬ್ಬ ದರಿದ್ರದವನು, ಅವನ್ಯಾರು ಅಂತ ಕೇಳ್ತಿದೀನಿ. ನಿಮ್ಮಮ್ಮ ನಂಗೆ ಗೊತ್ತಿಲ್ದೆ ಇನ್ನೊಬ್ಬನ್ನ ಇಟ್ಕೊಂಡಿದ್ಲಾ?”

“ಅಮ್ಮನ ಸುದ್ದಿಗೆ ಬರಬೇಡ.”

“ನಾನಲ್ಲ ಬಂದಿದ್ದು, ನೀನು! ಊರೂರು ತುಂಬ ಹಾಡ್ಕೊಂಡು ಬಂದಿದೀಯಲ್ಲ!” ಎಂದು ನಾನು ಆ ಸಾಲುಗಳನ್ನು ಅವನ ಮುಖಕ್ಕೇ ಹೇಳಿದೆ:

ಅಪ್ಪನ್ ಮುಖ ಕಂಡಿಲ್ಲ, ಕಂಡಿದ್ ಬರೀ ಸರಳು
ಅಮ್ಮ ಒಬ್ಳೇ ಸಾಕಿದ್ಲು, ಸವೆದ್ಹೋಯ್ತು ಬೆರಳು

ಹೇಳುವಾಗ ನನ್ನ ಕೈ ತಾನಾಗಿಯೇ ಮೇಜಿನ ಮೇಲೆ ತಾಳ ಹಾಕುತ್ತಿತ್ತು. ಹಾಳು ಕೈ, ಅದಕ್ಕೆ ಮಾನವಿಲ್ಲ. ಹಾಕದೆ ಇನ್ನೇನು ಮಾಡೀತು? ಆ ಹಾಡಿನೊಳಗೆ ಮೊದಲಿನಿಂದ ಕೊನೆಯವರೆಗೆ ಬಡಿಯುವ ಡೋಲು ನನ್ನದೇ.

ಉತ್ತರ ಮಿಸಿಸಿಪ್ಪಿಯ ಗುಡ್ಡಗಳಲ್ಲಿ ನಮ್ಮ ಕಪ್ಪು ಜನರ ಪಿಕ್ನಿಕ್ ಅಂದರೆ ಮೇಕೆ ಸುಡುವುದು, ಡೋಲು ಬಡಿಯುವುದು, ಧೂಳೆಬ್ಬಿಸಿ ಕುಣಿಯುವುದು. ನನ್ನ ಚಿಕ್ಕಪ್ಪ ಲೂಷಸ್ ಹೊಳೆದಂಡೆಯ ಜೊಂಡಿನಿಂದ ಕೊಯ್ದ ಕೊಳಲನ್ನು ಊದುತ್ತಾ ಮುಂದೆ ನಡೆಯುತ್ತಾನೆ. ದೊಡ್ಡ ಡೋಲನ್ನು ಕತ್ತಿಗೆ ಹಾಕಿಕೊಂಡು ನಾನು ಹಿಂದೆ. ನಮ್ಮ ಹಿಂದೆ ಊರು. ನಮ್ಮಪ್ಪನೂ ಹೀಗೇ ಬಡಿದ, ಅವರಪ್ಪನೂ ಹೀಗೇ ಬಡಿದ. ಹೋದ ವರ್ಷದ ಪಿಕ್ನಿಕ್ಕಿಗೆ ಜರ್ವಿಸ್ ಮೆಂಫಿಸ್‌ನಿಂದ ಬಂದಾಗ ದನಿ ಹಿಡಿಯುವ ಚಿಕ್ಕ ಯಂತ್ರ ತಂದು ಅದನ್ನೆಲ್ಲ ಹಿಡಿದುಕೊಂಡು ಹೋದ. ನೆನಪಿಗೆ ಅಂದ. ನನಗೆ ಖುಷಿಯಾಗಿತ್ತು. ಆಮೇಲೆ ಅದರಿಂದ ಚಿಕ್ಕಪ್ಪನ ಕೊಳಲಿನ ದನಿ ಕತ್ತರಿಸಿ ಎಸೆದು, ನನ್ನ ಡೋಲನ್ನು ಮಾತ್ರ ಇಟ್ಟುಕೊಂಡು, ಅದರ ಮೇಲೆ ನಿಂತು, ನನಗೆ ಅಪ್ಪನೇ ಇರಲಿಲ್ಲ ಎಂದು ಹಾಡಿದ್ದ.

ಇದು ನನಗೆ ತಿಳಿದದ್ದೂ ಒಂದು ಕಥೆ. ನಾನು ಕೌಂಟಿಯ ಮಣ್ಣುರಸ್ತೆಗಳನ್ನು ಸಮ ಮಾಡುವ ಗ್ರೇಡರ್ ಓಡಿಸುವವನು. ಒಂದು ಮಧ್ಯಾಹ್ನ ಡೀಸೆಲ್ ಹಾಕಿಸಲು ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಂದು ಹೊಸ ಪಿಕಪ್ ಗಾಡಿ, ಒಳಗೆ ಒಬ್ಬ ಬಿಳಿ ಹುಡುಗ, ಗಾಡಿಯ ಗಾಜುಗಳೆಲ್ಲ ಅದುರುವಷ್ಟು ಹಾಡು. ಮೊದಲು ಕಿವಿಗೆ ಬಿದ್ದದ್ದು ಡೋಲು. ನನ್ನ ಬಡಿತ ನನಗೆ ಗೊತ್ತಾಗುವುದಿಲ್ಲವೇ? ಎಡಗೈ ಸ್ವಲ್ಪ ತಡವಾಗಿ ಬೀಳುತ್ತದೆ, ಹಿಂದೆ ಒಮ್ಮೆ ಮಣಿಕಟ್ಟು ಮುರಿದಿತ್ತು. ಆಮೇಲೆ ಮಗನ ದನಿ. ಹುಡುಗ ಕಣ್ಣು ಮುಚ್ಚಿಕೊಂಡು, ತೋಳು ಆಡಿಸುತ್ತಾ ಜೊತೆಗೆ ಹಾಡುತ್ತಿದ್ದ: ಅಪ್ಪನ್ ಮುಖ ಕಂಡಿಲ್ಲ. ಅವರಪ್ಪ ಅಂಗಡಿಯ ಒಳಗೆ ತಂಪುಪಾನೀಯ ಕೊಳ್ಳುತ್ತಿದ್ದ.

ಹಾಡಿನಲ್ಲಿ ಮುಂದೆ ಕರಿಯರನ್ನು ಹೀಗಳೆಯುವ ಆ ಪದ ಬಂತು. ನಮ್ಮವರು ನಮ್ಮನಮ್ಮೊಳಗೆ ಅಂದುಕೊಳ್ಳುವ, ಬಿಳಿಯರು ಅಂದರೆ ಹಲ್ಲು ಉದುರುವ ಪದ. ಹುಡುಗ ಕಣ್ಣು ಬಿಟ್ಟು ನನ್ನನ್ನು ನೋಡಿದವನೇ ಬಾಯಿ ಮುಚ್ಚಿ, ಸದ್ದು ತಗ್ಗಿಸಿ, ಕೆಂಪಾದ. “ಸಾರಿ, ಮಿಸ್ಟರ್ ವರ್ಡೆಲ್” ಎಂದ. ಒಳ್ಳೆಯ ಮನೆಯ ಹುಡುಗ. ಆ ಪದಕ್ಕೆ ಅವನು ನಾಚಿದ. ಅದರ ಹಿಂದಿನ ಸಾಲಿಗೆ ನಾಚಬೇಕು ಎಂದು ಅವನಿಗೆ ಯಾರು ಹೇಳಬೇಕು? ಕರಿಯನಿಗೆ ಅಪ್ಪ ಇರುವುದಿಲ್ಲ ಎಂದು ಅವನು ತಿಳಿದಿದ್ದ. ನನ್ನ ಮಗನೇ ಹೇಳಿಕೊಟ್ಟಿದ್ದ.

ಚರ್ಚಿನಲ್ಲಿ ಅದೊಂದು ತಮಾಷೆಯಾಯಿತು. ಅರ್ಲೀನ್ ಅಂತ ಒಬ್ಬಳಿದ್ದಾಳೆ, ಹಾಡುವವರ ಮುಂದಾಳು, ನಾಲಿಗೆಗೆ ಮೂಳೆಯಿಲ್ಲ. “ವರ್ಡೆಲ್, ಜೈಲಲ್ಲಿ ಊಟ ಸರಿ ಹೋಗ್ಲಿಲ್ವಾ? ಇಳ್ದು ಹೋಗಿದೀಯಲ್ಲ” ಎಂದು ಮೆಟ್ಟಿಲ ಮೇಲೇ ನಿಲ್ಲಿಸಿ ಕೇಳಿದಳು.

“ಕೋಳಿ ತೊಡೆ ಕಳಿಸ್ತೀನಿ ಅಂದಿದ್ದೆ, ಕಳಿಸ್ಲಿಲ್ಲ ನೀನು” ಎಂದೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುವುದೊಂದೇ ದಾರಿ. ನಕ್ಕು ಮುಗಿದ ಮೇಲೆ ಅವರವರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋದರು. ನಾನು ಮನೆಗೆ ಬಂದು ಸೂಟು ಬಿಚ್ಚಿ, ಒಬ್ಬನಿಗೆ ಎಷ್ಟು ಅಕ್ಕಿ ಬೇಕು ಎಂದು ಅಂದಾಜು ಸಿಗದೆ, ಎಂದಿನಂತೆ ಹೆಚ್ಚಾಗಿ ಬೇಯಿಸಿದೆ. ಒಡೆಸ್ಸಾ ಮೂತ್ರಪಿಂಡದ ಕಾಯಿಲೆಯಲ್ಲಿ ಸತ್ತಾಗ ಜರ್ವಿಸ್ ಇನ್ನೂ ಎರಡನೇ ಕ್ಲಾಸು. ಮರುಮದುವೆ ಮಾಡಿಕೋ ಎಂದು ಎಲ್ಲರೂ ಹೇಳಿದರು. ನಾನು ಅವನ ಅಂಗಿಗೆ ಇಸ್ತ್ರಿ ಹಾಕಲು ಕಲಿತೆ, ಕೂದಲು ಕತ್ತರಿಸಲು ಕಲಿತೆ, ಸುಟ್ಟುಹೋಗದ ಹಾಗೆ ಬಿಸ್ಕಿಟ್ ಮಾಡಲು ಮಾತ್ರ ಕಡೆಗೂ ಕಲಿಯಲಿಲ್ಲ. ಅವನು ಓದಿದ್ದು, ಬೆಳೆದದ್ದು, ಮೆಂಫಿಸ್‌ಗೆ ಹೋಗಿ ಹಾಡಿದ್ದು ಎಲ್ಲ ಸರಿಯೇ. ನಾನು ಎಲ್ಲಿಗೂ ಹೋಗಲಿಲ್ಲ. ಅಷ್ಟೇ ನನ್ನ ಹೆಚ್ಚುಗಾರಿಕೆ, ಬೇರೇನೂ ಇಲ್ಲ. ನಾನು ಇಲ್ಲೇ ಇದ್ದೆ. ಅದನ್ನೇ ಅವನು ಅಳಿಸಿದ್ದ.

ಈಗ ಅಡುಗೆಮನೆಯಲ್ಲಿ ಅವನು ಬ್ರೆಡ್ಡಿನ ಪುಡಿಯನ್ನು ಒಂದು ಕಡೆ ಗುಡ್ಡೆ ಮಾಡುತ್ತಾ ಮೆತ್ತಗೆ ಹೇಳಿದ: “ಆ ಸಾಲು ಮಾರೋಕೆ ಅಂತ ಬರೆದಿದ್ದಲ್ಲ ಅಪ್ಪ. ಅಮ್ಮ ಇದ್ದಿದ್ರೆ ಹೆಂಗಿರ್ತಿತ್ತು ಅಂತ ಬರೀತಾ ಕೂತಿದ್ದೆ. ಹಾಡಲ್ಲಿ ಅವಳು ಓಡಾಡ್ತಾಳೆ. ಬಟ್ಟೆ ಒಗೀತಾಳೆ, ನನ್ನ ಬೈತಾಳೆ. ಜನ ಅವಳ ಹೆಸರು ಕೂಗ್ತಾರೆ, ಗೊತ್ತಾ? ಒಡೆಸ್ಸಾ, ಒಡೆಸ್ಸಾ ಅಂತ.”

ಅದು ನನಗೆ ಗೊತ್ತಿರಲಿಲ್ಲ. ಆದರೆ ನನ್ನ ಸಿಟ್ಟು ಅಷ್ಟು ಬೇಗ ಕೂರುವಂಥದ್ದಲ್ಲ.

“ಅವಳನ್ನ ಬದುಕಿಸೋಕೆ ನನ್ನ ಯಾಕೋ ಜೈಲಿಗೆ ಹಾಕ್ದೆ?”

“ನೀನೂ ಇದ್ರೆ ಅದು ಹಾಡಾಗಲ್ಲ. ಸುಖವಾಗಿರೋರ ಮನೆ ಆಗತ್ತೆ.”

“ಅದನ್ನೇ ನಾನು ಅವನಿಗೆ ಹೇಳಿದ್ದು, ಮಿಸ್ಟರ್ ವರ್ಡೆಲ್.”

ಬಾಗಿಲಲ್ಲಿ ಟೆರೆನ್ಸ್ ನಿಂತಿದ್ದ. ಇವನು ಜರ್ವಿಸ್‌ನ ಹಾಡುಗಳ ವ್ಯಾಪಾರ ನೋಡಿಕೊಳ್ಳುವವನು, ಮೆಂಫಿಸ್‌ನವನು, ನಮ್ಮವನೇ, ಚರ್ಮ ನನಗಿಂತ ಒಂದು ಕೈ ಹೆಚ್ಚು ಕಪ್ಪು. ಅಷ್ಟು ಹೊತ್ತು ಅಂಗಳದಲ್ಲಿ ಕಾರಿನೊಳಗೆ ಏಸಿ ಹಾಕಿಕೊಂಡು ಕೂತಿದ್ದ. ಬಿಳಿ ಬೂಟಿಗೆ ಕೆಮ್ಮಣ್ಣು ಹತ್ತಿದ್ದನ್ನು ಬಾಗಿಲ ಚೌಕಟ್ಟಿಗೆ ಉಜ್ಜುತ್ತಿದ್ದ.

“ನನ್ನ ಬಾಗಿಲಿಗೆ ಕಾಲು ಒರೆಸ್ಬೇಡ” ಎಂದೆ.

“ಸಾರಿ ಸರ್.” ಒಳಗೆ ಬಂದು ಕೇಳದೆಯೇ ಕೂತ. “ನೋಡಿ, ನಿಮ್ಮ ಮಗನ ಗಂಟಲು ಚಿನ್ನ. ಆದ್ರೆ ಮೇಕೆ, ಚರ್ಚು, ಜೊತೇಲೇ ಇದ್ದ ಒಳ್ಳೆ ಅಪ್ಪ... ಇದನ್ನ ಯಾರು ಕೇಳ್ತಾರೆ? ಹಾಡು ಕೊಳ್ಳೋರಲ್ಲಿ ಅರ್ಧಕ್ಕರ್ಧ ಬಿಳಿ ಹುಡುಗ್ರು. ಅವ್ರಿಗೆ ನಮ್ಮ ಬೀದಿ ಬೇಕು, ಪೊಲೀಸು ಬೇಕು, ಜೈಲು ಬೇಕು.”

“ಅವ್ರಿಗೆ ಬೇಕು ಅಂತ ನಾವು ಜೈಲಿಗೆ ಹೋಗ್ಬೇಕಾ?”

“ಹೋಗ್ಬೇಕಿಲ್ಲ. ಹಾಡಿದ್ರೆ ಸಾಕು. ಸುಳ್ಳೇನಲ್ವಲ್ಲ, ಎಷ್ಟು ಜನ ನಮ್ಮೋರು ಒಳಗಿದಾರೆ! ಅವ್ರ ಮಕ್ಕಳ ಪರವಾಗಿ ಇವ್ನು ಹಾಡ್ತಾನೆ ಅಂದ್ಕೊಳ್ಳಿ.”

“ನಿಮ್ಮಪ್ಪ ಎಷ್ಟು ವರ್ಷ ಒಳಗಿದ್ದ?”

ಟೆರೆನ್ಸ್ ಕೆಮ್ಮಿದ. “ನಮ್ಮಪ್ಪ ಹಲ್ಲಿನ ಡಾಕ್ಟ್ರು.”

ಜರ್ವಿಸ್‌ಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು. ಮೂರು ಜನವೂ ನಕ್ಕುಬಿಟ್ಟೆವು, ಜಗಳದ ನಡುವೆಯೇ. ಬಹಳ ದಿನದ ಮೇಲೆ ಆ ಅಡುಗೆಮನೆಯಲ್ಲಿ ಮೂರು ಗಂಟಲಿನ ನಗು ಕೇಳಿತು. ನಾನು ಎದ್ದು ಟೆರೆನ್ಸ್‌ಗೂ ಒಂದು ತಟ್ಟೆ ಇಟ್ಟೆ. ನನ್ನ ಮೇಲೇ ನನಗೆ ಅಸಹ್ಯವಾಯಿತು, ಆದರೂ ಇಟ್ಟೆ.

ಅವರು ಬಂದದ್ದು ಡೋಲಿಗಾಗಿ. ಮೆಂಫಿಸ್‌ನಲ್ಲಿ ಹೊಳೆಯ ದಂಡೆಯ ಪಾರ್ಕಿನಲ್ಲಿ ದೊಡ್ಡ ಕಾರ್ಯಕ್ರಮವಿತ್ತು, ದಿನವಿಡೀ ಹಾಡು. ಯಂತ್ರದಿಂದ ಬರುವ ಡೋಲಿಗಿಂತ ವೇದಿಕೆಯ ಮೇಲೆ ನಿಜವಾದ ಡೋಲು, ಅದನ್ನು ಹೊತ್ತ ನಿಜವಾದ ಮುದುಕ ಇದ್ದರೆ ಜನ ಹುಚ್ಚೇಳುತ್ತಾರೆ ಎಂದು ಟೆರೆನ್ಸ್ ಹೇಳಿದ. ನಾನು ಬರುವುದಿಲ್ಲ ಎಂದೆ. ಇನ್ನೂ ಏನೇನೋ ಹೇಳಿದೆ, ಇಲ್ಲಿ ಬರೆಯುವಂಥದ್ದಲ್ಲ. ಟೆರೆನ್ಸ್ ತಟ್ಟೆ ಖಾಲಿ ಮಾಡಿ, ಬಾಯಿ ಒರೆಸಿಕೊಂಡು ಕಾರಿಗೆ ಹೋದ.

ಜರ್ವಿಸ್ ಹೋಗಲಿಲ್ಲ. ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕೂತ.

“ಬಾ ಅಪ್ಪ. ಹಾಡು ಮುಗಿದ ತಕ್ಷಣ ಮೈಕಲ್ಲೇ ಹೇಳ್ತೀನಿ. ಇವ್ನು ನನ್ನಪ್ಪ ವರ್ಡೆಲ್ ಟಾಲಿವರ್, ಈ ಡೋಲು ಇವ್ನದೇ, ನನ್ನ ಸಾಕಿದ್ದು ಇವ್ನೇ ಅಂತ. ಆಣೆಗೂ. ಟೆರೆನ್ಸ್‌ಗೆ ಮಾತ್ರ ಹೇಳ್ಬೇಡ, ಮೊದ್ಲೇ ಗೊತ್ತಾದ್ರೆ ಬಿಡಲ್ಲ.”

“ಜನ ನಿನ್ನ ಸುಳ್ಳ ಅಂತಾರಲ್ಲೋ.”

“ಅನ್ಲಿ. ಹಾಡೇ ಬೇರೆ, ಮನುಷ್ಯನೇ ಬೇರೆ ಅಂತ ಗೊತ್ತಾಗ್ಲಿ.”

ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ಅಷ್ಟು ನನಗೆ ಗೊತ್ತಾಗುತ್ತದೆ, ಅವನು ಸುಳ್ಳು ಹೇಳುವಾಗ ಕೆಳದುಟಿ ಕಚ್ಚುತ್ತಾನೆ. ಆಗ ಕಚ್ಚಲಿಲ್ಲ. “ಸರಿ” ಎಂದೆ. ಮೈಕಿನಲ್ಲಿ ಹೇಳುತ್ತಾನೆ. ನನಗೆ ಬೇಕಿದ್ದುದು ಅಷ್ಟೇ. ಬಂಕಿನ ಬಿಳಿ ಹುಡುಗನ ಕಿವಿಗೂ ಅದು ಬೀಳಬೇಕು.

ಚಿಕ್ಕಪ್ಪ ಲೂಷಸ್‌ನ ಬಳಿ ಹೇಳಿದಾಗ ಆ ಮುದುಕ ಕೊಳಲಿಗೆ ತೂತು ಕೊರೆಯುತ್ತಾ ಕೂತಿದ್ದ. “ನನ್ನ ಕೊಳಲು ಕತ್ತರಿಸಿ ಹಾಕಿದೋನು ನಿನ್ನ ಕತ್ತರಿಸಲ್ಲ ಅಂತ ಏನು ಗ್ಯಾರಂಟಿ?” ಎಂದ.

“ಮಾತು ಕೊಟ್ಟಿದಾನೆ.”

“ಹಂಗಾದ್ರೆ ಹೋಗಿ ಬಾ. ಬರ್ತಾ ನಂಗೆ ನಶ್ಯ ತಗೊಂಡು ಬಾ.”

ಭಾನುವಾರದ ಕಪ್ಪು ಸೂಟು ಹಾಕಿಕೊಂಡು, ಹ್ಯಾಟು ಇಟ್ಟುಕೊಂಡು, ಡೋಲನ್ನು ಹಳೆಯ ಹಾಸಿಗೆ ಬಟ್ಟೆಯಲ್ಲಿ ಸುತ್ತಿ ನನ್ನ ಗಾಡಿಯಲ್ಲೇ ಹೋದೆ. ಮಗ ನನ್ನನ್ನು ಜನರ ಮುಂದೆ ತೋರಿಸುವ ದಿನ. ಗಡ್ಡ ನುಣ್ಣಗೆ ಕೆರೆದಿದ್ದೆ.

ವೇದಿಕೆಯ ಹಿಂದಿನ ಡೇರೆಯಲ್ಲಿ ಟೆರೆನ್ಸ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಅಯ್ಯೋ, ಮಿಸ್ಟರ್ ವರ್ಡೆಲ್! ಯಾರದಾದ್ರೂ ಸಾವಿಗೆ ಬಂದಂಗಿದೀರಲ್ಲ” ಎಂದವನೇ ಒಬ್ಬ ಹುಡುಗಿಯನ್ನು ಕರೆದ. ಅವಳು ತಂದದ್ದು ಹರಿದ ನೀಲಿ ಕೆಲಸದ ಬಟ್ಟೆ, ತೇಪೆ ಹಚ್ಚಿದ್ದು, ಜೊತೆಗೆ ಹುಲ್ಲಿನ ಟೋಪಿ. ಹೊಸ ಬಟ್ಟೆಯನ್ನೇ ಬೇಕೆಂದು ಹರಿದಿದ್ದರು. ಮೊಣಕಾಲಿನ ತೂತಿನ ಅಂಚಿನಲ್ಲಿ ದಾರಗಳು ಇನ್ನೂ ಬಿಳಿಯಾಗಿದ್ದವು.

“ಇಂಥದ್ದನ್ನ ಹಾಕ್ಕೊಂಡು ನಮ್ಮಜ್ಜ ಹತ್ತಿ ಬಿಡಿಸ್ತಿದ್ದ. ಬಿಸಾಕೋ ದಿನಕ್ಕೆ ಕಾಯ್ತಿದ್ದ” ಎಂದೆ. ದನಿ ಏರಿತ್ತು. ಆಚೆ ಈಚೆ ಇದ್ದವರು ತಿರುಗಿದರು.

ಜರ್ವಿಸ್ ಓಡಿ ಬಂದ. ಕತ್ತಿನಲ್ಲಿ ದಪ್ಪ ಸರ, ಕಣ್ಣಿಗೆ ಕಪ್ಪು ಕನ್ನಡಕ. ನನ್ನ ತೋಳು ಹಿಡಿದು ಕಿವಿಯಲ್ಲಿ, “ಹಾಕ್ಕೋ ಅಪ್ಪ, ಒಂದು ಹಾಡು ಅಷ್ಟೇ. ಆಮೇಲೆ ನಾನು ಹೇಳ್ತೀನಲ್ಲ” ಎಂದ.

ಹಾಕಿಕೊಂಡೆ. ಜನ್ಮದಲ್ಲಿ ಯಾರ ಮಾತಿಗೂ ನಾನು ಅಷ್ಟು ಬೇಗ ಬಗ್ಗಿದವನಲ್ಲ. ಗಾಡಿಯ ಕೀಲಿಯನ್ನು ಈ ಬಟ್ಟೆಯ ಜೇಬಿಗೆ ಹಾಕಿಕೊಂಡು, ಸೂಟನ್ನು ಮಡಿಸಿ ಕುರ್ಚಿಯ ಮೇಲಿಟ್ಟೆ.

ಮೇ ತಿಂಗಳ ಬಿಸಿಲು. ವೇದಿಕೆಯಿಂದ ನೋಡಿದರೆ ಹೊಳೆಯವರೆಗೂ ತಲೆಗಳು, ಕಪ್ಪೂ ಬಿಳಿಯೂ ಕಲಸಿದಂತೆ. ಜರ್ವಿಸ್ ಮೈಕು ಹಿಡಿದು ಕೂಗಿದ: “ಗುಡ್ಡದ ಕಡೆ ಹೋಗಿದ್ದೆ. ಮೇಕೆ ಸುಡೋ ಜಾಗದಲ್ಲಿ ಒಬ್ಬ ಮುದುಕ ಸಿಕ್ಕಿದ. ಅವ್ನ ಕೈಯಲ್ಲಿ ಗುಡುಗಿದೆ. ಕೇಳ್ತೀರಾ?” ಕೇಳ್ತೀವಿ ಎಂದು ಅವರೆಲ್ಲ ಕೂಗಿದರು. ಸಿಕ್ಕಿದ ಎಂಬ ಮಾತು ನನಗೆ ಚುಚ್ಚಿತು. ಇರಲಿ, ಹಾಡು ಮುಗಿಯಲಿ ಎಂದು ಬಡಿಯತೊಡಗಿದೆ.

ಒಂದು ವಿಷಯ ಒಪ್ಪಬೇಕು. ಅವನು ಚೆನ್ನಾಗಿ ಹಾಡುತ್ತಾನೆ. ಮಾತುಗಳನ್ನು ನನ್ನ ಬಡಿತಗಳ ಸಂದಿಯಲ್ಲಿ ಇಡುತ್ತಾನೆ, ನನ್ನ ಎಡಗೈ ತಡವಾಗುವುದನ್ನೂ ಲೆಕ್ಕ ಹಿಡಿದು ಅದಕ್ಕಾಗಿ ಕಾಯುತ್ತಾನೆ. ಬೇರೆ ಯಾರೂ ಹಾಗೆ ಕಾಯಲಾರರು. ಜನ ಒಡೆಸ್ಸಾ ಒಡೆಸ್ಸಾ ಎಂದು ಕೂಗಿದಾಗ ನಾನು ಇನ್ನೂ ಜೋರಾಗಿ ಬಡಿದೆ. ಆ ಹೆಸರನ್ನು ನಾನು ಬಿಟ್ಟರೆ ಜೋರಾಗಿ ಕೂಗಿದವರೇ ಇರಲಿಲ್ಲ.

ನಮ್ಮಲ್ಲಿ ಡೋಲು ಕೈ ಬದಲಾಗುವುದು ಬಡಿತ ನಿಲ್ಲಿಸಿ ಅಲ್ಲ. ಬಡಿಯುವವನಿಗೆ ತೋಳು ಭಾರವಾದಾಗ ಎಡಕ್ಕೆ ತಿರುಗಿ ಮಂಡಿ ಸ್ವಲ್ಪ ಬಗ್ಗಿಸುತ್ತಾನೆ. ಮುಂದಿನವನು ಎದುರಿನಿಂದ ಬಂದು ಕತ್ತಿನ ಪಟ್ಟಿಯೊಳಗೆ ತಲೆ ತೂರಿಸಿ, ಮೊದಲು ಬಲಗೈಯ ಕೋಲು, ಆಮೇಲೆ ಎಡಗೈಯದು ತೆಗೆದುಕೊಂಡು, ಹಿಂದೆ ಸರಿಯುತ್ತಾ ಭಾರವನ್ನು ಎತ್ತಿಕೊಳ್ಳುತ್ತಾನೆ. ಒಂದು ಏಟೂ ತಪ್ಪಬಾರದು. ಕುಣಿಯುವವರಿಗೆ ಕೈ ಬದಲಾದದ್ದೇ ಗೊತ್ತಾಗಬಾರದು. ಜರ್ವಿಸ್ ಮೊಳಕೈ ಎತ್ತರ ಇದ್ದಾಗಿನಿಂದ ನನ್ನ ಎಡಕ್ಕೆ ಇದ್ದವನು ಅವನೇ.

ಹಾಡಿನ ಕೊನೆಯ ಸುತ್ತಿನಲ್ಲಿ, ಆ ಬಿಸಿಲಲ್ಲಿ, ನನ್ನ ತೋಳು ಭಾರವಾಯಿತು. ಯೋಚಿಸಿ ಮಾಡಿದ್ದಲ್ಲ. ಎಡಕ್ಕೆ ತಿರುಗಿದೆ, ಮಂಡಿ ಬಗ್ಗಿಸಿದೆ. ಅವನೂ ಯೋಚಿಸಲಿಲ್ಲ. ಮೈಕನ್ನು ಪ್ಯಾಂಟಿನ ಬೆಲ್ಟಿಗೆ ಸಿಕ್ಕಿಸಿ, ಕನ್ನಡಕ ಬಿದ್ದರೂ ನೋಡದೆ, ಪಟ್ಟಿಯೊಳಗೆ ತಲೆ ತೂರಿಸಿದ. ಬಲಗೈ ಕೋಲು ಹೋಯಿತು, ಎಡಗೈ ಕೋಲು ಹೋಯಿತು, ಭಾರ ಹೋಯಿತು. ಒಂದು ಏಟೂ ತಪ್ಪಲಿಲ್ಲ. ನಾನು ಬರಿಗೈಯಲ್ಲಿ ನಿಂತಿದ್ದೆ, ಡೋಲು ಬಡಿಯುತ್ತಲೇ ಇತ್ತು.

ಆಗ ಆ ಸಾಲು ಬರಬೇಕಾದ ಜಾಗ ಬಂತು. ಅವನ ಎರಡು ಕೈಯಲ್ಲೂ ಕೋಲು. ಮೈಕು ಹಿಡಿಯಲು ಕೈಯಿಲ್ಲ. ಅವನ ಬದಲಿಗೆ ಪಾರ್ಕಿಗೆ ಪಾರ್ಕೇ ಕೂಗಿತು, ಅಪ್ಪನ್ ಮುಖ ಕಂಡಿಲ್ಲ! ಕೂಗುವಾಗ ಕೈಗಳನ್ನು ಆಕಾಶಕ್ಕೆ ಎತ್ತಿದ್ದರು. ಅವನು ಬಾಯಿ ತೆರೆಯಲಿಲ್ಲ. ಕನ್ನಡಕವಿಲ್ಲದ ಕಣ್ಣಿನಿಂದ ನನ್ನ ಮುಖವನ್ನೇ ನೋಡುತ್ತಾ ಬಡಿಯುತ್ತಿದ್ದ. ನಾನೂ ನೋಡುತ್ತಿದ್ದೆ. ಅಷ್ಟು ಜನ ಕೂಗುವಾಗಲೂ, ಪಿಕ್ನಿಕ್ಕಿನಲ್ಲಿ ಹುಡುಗನಾಗಿದ್ದಾಗ ಸರಿಯಾಗಿದೆಯಾ ಎಂದು ನನ್ನನ್ನು ನೋಡುತ್ತಿದ್ದನಲ್ಲ, ಅದೇ ನೋಟ. ಸರಿಯಾಗಿದೆ ಎಂದು ನಾನು ತಲೆಯಾಡಿಸಿದೆ. ಇನ್ನೇನು ಹೇಳಿಬಿಡುತ್ತಾನೆ ಎಂದುಕೊಂಡೆ. ಈಗ ಹೇಳದಿದ್ದರೆ ಇನ್ಯಾವಾಗ ಹೇಳುತ್ತಾನೆ!

ಹಾಡು ಮುಗಿಯಿತು. ಅವನು ಡೋಲು ಇಳಿಸಿ ಮೈಕು ತೆಗೆದುಕೊಂಡ. ಜನ ಅವನ ಹೆಸರು ಕೂಗುತ್ತಿದ್ದರು. ವೇದಿಕೆಯ ಪಕ್ಕದಿಂದ ಟೆರೆನ್ಸ್ ಎರಡೂ ಹೆಬ್ಬೆರಳು ಎತ್ತಿ ಕುಣಿಯುತ್ತಿದ್ದ. ಜರ್ವಿಸ್ ನನ್ನ ಭುಜದ ಮೇಲೆ ಕೈ ಹಾಕಿದ. ಉಸಿರು ಎಳೆದುಕೊಂಡ. ಜನರ ಕಡೆ ನೋಡಿದ. ಕೆಳದುಟಿ ಕಚ್ಚಿದ.

“ಮಿಸ್ಟರ್ ವರ್ಡೆಲ್‌ಗೆ ಜೋರಾಗಿ ಚಪ್ಪಾಳೆ! ಗುಡ್ಡದ ಮುದುಕನಿಗೆ!”

ಚಪ್ಪಾಳೆ ಬಹಳ ಹೊತ್ತು ಬಿತ್ತು. ಹುಲ್ಲಿನ ಟೋಪಿ ಎತ್ತಿ ತೋರಿಸಿ ಎಂದು ಯಾರೋ ಕೂಗಿದರು. ನಾನು ಎತ್ತಲಿಲ್ಲ.

ಡೇರೆಗೆ ಬಂದಾಗ ಅವನು ನನ್ನ ಕಣ್ಣಿಗೆ ಸಿಗದ ಹಾಗೆ ನೀರು ಕುಡಿಯುತ್ತಿದ್ದ, ಬಾಟಲಿ ಮುಗಿದರೂ ಕುಡಿಯುತ್ತಿದ್ದ. “ಮುಂದಿನ ಹಾಡು ಆದ್ಮೇಲೆ ಹೇಳೋಣ ಅಂತಿದ್ದೆ...” ಎಂದು ಶುರು ಮಾಡಿದ. ಅಷ್ಟರಲ್ಲಿ ಒಬ್ಬ ಹೆಂಗಸು ಒಳಗೆ ಬಂದಳು. ನಮ್ಮವಳು, ನಲವತ್ತು ದಾಟಿದವಳು, ಕೈಯಲ್ಲಿ ರೇಡಿಯೋದವರ ಮೈಕು. ತನ್ನ ಹೆಸರು ವಿಲೆಟ್ಟಾ ಎಂದಳು, ಮಾತು ಆಗಲೇ ಗಾಳಿಯಲ್ಲಿ ಹೋಗುತ್ತಿದೆ, ಸಾವಿರಾರು ಜನ ಕೇಳುತ್ತಿದ್ದಾರೆ ಎಂದಳು.

“ಆ ಡೋಲಿನ ಪಟ್ಟಿಗೆ ತಲೆ ಹಾಕಿದ್ದನ್ನ ನೋಡ್ದೆ ನಾನು” ಎಂದು ಜರ್ವಿಸ್‌ಗೆ ಹೇಳಿದಳು. “ಎಷ್ಟು ದಿನ ಕಲಿತೆ ಮಗಾ?”

“ಒಂದು ವಾರ.”

“ಒಂದು ವಾರ!” ಅವಳು ನಕ್ಕಳು. “ನಮ್ಮಮ್ಮನ ಕಡೆಯೋರು ಆ ಗುಡ್ಡದೋರೇ. ನಮ್ಮ ಮಾವಂದಿರು ಹಂಗೆ ಡೋಲು ಬದಲಾಯ್ಸೋದನ್ನ ನೋಡ್ತಾ ಬೆಳೆದೋಳು ನಾನು. ಅದು ವಾರಕ್ಕೆ ಬರೋ ವಿದ್ಯೆ ಅಲ್ಲ, ಒಂದೇ ಮನೇಲಿ ಬೆಳೀಬೇಕು. ಇಬ್ರಿಗೂ ಒಂದೇ ಹಣೆ, ಒಂದೇ ಕಿವಿ ಬೇರೆ. ಇವ್ರು ನಿನ್ನಪ್ಪ ಅಲ್ವಾ?”

ಟೆರೆನ್ಸ್ ಅವಳ ಹಿಂದೆ ನಿಂತು ಬೇಡ ಬೇಡ ಎಂದು ಕೈ ಆಡಿಸುತ್ತಿದ್ದ.

ನಾನು ಜರ್ವಿಸ್‌ನನ್ನು ನೋಡಿದೆ. ವೇದಿಕೆಯ ಮೇಲೆ ಬಾಯಿ ಕಟ್ಟಿರಬಹುದು, ಅಷ್ಟು ಜನರನ್ನು ಕಂಡು ಹೆದರಿರಬಹುದು. ಇಲ್ಲಿ ಒಬ್ಬಳು ಹೆಂಗಸು, ಅರ್ಧ ಕೆಲಸ ಅವಳೇ ಮಾಡಿಕೊಟ್ಟಿದ್ದಾಳೆ. ಹೌದು ಎಂದರೆ ಸಾಕು. ತಲೆಯಾಡಿಸಿದರೂ ಸಾಕು. ನಾನು ಆ ಒಂದು ಮಾತಿಗೆ ಬಾಯಿ ಕಟ್ಟಿ ಕಾದೆ. ನನ್ನನ್ನು ಬಲ್ಲವರು ಯಾರೂ ನಾನು ಹಾಗೆ ಕಾದೆ ಎಂದರೆ ನಂಬುವುದಿಲ್ಲ.

“ನನ್ನ ಹಾಡು ಕೇಳಿಲ್ವಾ ಆಂಟಿ?” ಎಂದು ಜರ್ವಿಸ್ ನಕ್ಕ. “ನನಗೆಲ್ಲಿಯ ಅಪ್ಪ!” ಆಮೇಲೆ ನನ್ನ ಕಡೆ ತಿರುಗದೆಯೇ, “ಇವರು ದೊಡ್ಡೋರು. ನಂಗೆ ಹೇಳ್ಕೊಟ್ರು. ಅಲ್ವಾ, ಮಿಸ್ಟರ್ ವರ್ಡೆಲ್? ನೀವೇ ಹೇಳಿ” ಎಂದ.

ವಿಲೆಟ್ಟಾ ಮೈಕನ್ನು ನನ್ನ ಬಾಯಿಗೆ ಹಿಡಿದಳು. ಅವಳಿಗೆ ಗೊತ್ತಿತ್ತು. ಅವಳ ಕಣ್ಣು ಹೇಳುತ್ತಿತ್ತು, ಹೇಳಿಬಿಡಿ ಅಣ್ಣ ಎಂದು. “ನೀವು ಹೇಳಿ ಸರ್. ಈ ಹುಡುಗ ನಿಮ್ಮ ಮಗನಾ?”

ಬಯ್ಯಲು ಬೇಕಾದ ಮಾತೆಲ್ಲ ಗಂಟಲವರೆಗೆ ಬಂದಿತ್ತು. ಅವನನ್ನು ಅಲ್ಲೇ, ಸಾವಿರಾರು ಜನರ ಕಿವಿಯಲ್ಲಿ, ಬೆತ್ತಲೆ ಮಾಡಬಹುದಿತ್ತು. ಟೆರೆನ್ಸ್‌ನ ಮುಖ ಬೂದಿಯಾಗಿತ್ತು. ಜರ್ವಿಸ್ ಈಗ ನನ್ನನ್ನು ನೋಡುತ್ತಿದ್ದ. ನಾನು ಕಿತ್ತುಕೊಂಡರೆ ಸಿಗುವ ಮಾತು ಅದು, ಅವನು ಕೊಟ್ಟದ್ದಲ್ಲ. ಕಿತ್ತುಕೊಂಡು ನಾನೇನು ಮಾಡಲಿ?

“ಅಲ್ಲಮ್ಮ” ಎಂದೆ. “ನನಗೆ ಮಕ್ಕಳಿಲ್ಲ.”

ಜರ್ವಿಸ್‌ನ ಕೈಯಿಂದ ಬಾಟಲಿ ಬಿತ್ತು. ನಾನು ಅದರ ಮೇಲೆ ಕಾಲಿಡದೆ ದಾಟಿದೆ. ಡೋಲು ಮೂಲೆಯಲ್ಲಿತ್ತು, ಸೂಟು ಕುರ್ಚಿಯ ಮೇಲಿತ್ತು. ಎರಡನ್ನೂ ತೆಗೆದುಕೊಳ್ಳಲು ನಿಲ್ಲಲಿಲ್ಲ. ಹಿಂದಿನಿಂದ ಅವನು ಕೂಗಿದ. ರೇಡಿಯೋದವಳು ಇನ್ನೂ ಅಲ್ಲೇ ಇದ್ದಳಲ್ಲ, “ಮಿಸ್ಟರ್ ವರ್ಡೆಲ್!” ಎಂದೇ ಕೂಗಿದ. ಇನ್ನೊಮ್ಮೆಯೂ ಹಾಗೆಯೇ ಕೂಗಿದ.

ತೇಪೆಯ ಬಟ್ಟೆಯಲ್ಲೇ ಜನರ ನಡುವೆ ಹೋದೆ. ಕೆಲವರು ಬೆನ್ನು ತಟ್ಟಿದರು. ಹೊರಗಿನ ಗೇಟಿನಲ್ಲಿ ಒಬ್ಬ ಹುಡುಗಿ ಸ್ಟೂಲಿನ ಮೇಲೆ ಕೂತಿದ್ದಳು, ಕೈಯಲ್ಲಿ ಮಸಿಯ ಮುದ್ರೆ.

“ತಾತ, ಕೈ ಕೊಡಿ. ಮುದ್ರೆ ಹಾಕ್ತೀನಿ. ಇಲ್ದಿದ್ರೆ ಮತ್ತೆ ಒಳಗೆ ಬಿಡಲ್ಲ.”

“ಬೇಡಮ್ಮ” ಎಂದು ಗಾಡಿ ನಿಲ್ಲಿಸಿದ್ದ ಕಡೆಗೆ ನಡೆದೆ.